ಮಾಸ್ಟರ್ಸ್‌ಗೆ ಇದೇ ಯೂನಿವರ್ಸಿಟಿನಾ, ಬೇರೆಯದಾ?

ಎರಡು ಸಿಲಬಸ್ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟುಕೊಳ್ಳಿ. ಒಂದು ಈಗ ಓದುತ್ತಿರುವ ವಿವಿಯದು, ಇನ್ನೊಂದು ಹೋಗಬೇಕು ಅಂತ ಆಸೆಪಡುತ್ತಿರುವ ವಿವಿಯದು. ಪೆನ್ಸಿಲ್ ತಗೊಂಡು, ಡಿಗ್ರಿಯಲ್ಲೇ ಓದಿ ಮುಗಿಸಿದ ವಿಷಯ ಬಂದ ಕಡೆಯೆಲ್ಲ ಗೆರೆ ಎಳೆಯುತ್ತಾ ಹೋಗಿ. ನಾನು ಹೀಗೆ ಮಾಡಿದಾಗ ನಮ್ಮ ವಿವಿಯ ಹಾಳೆಯಲ್ಲಿ 12 ಪೇಪರ್‌ಗಳಲ್ಲಿ 5ಕ್ಕೆ ಗೆರೆ ಬಿತ್ತು. ಇನ್ನೊಂದು ಹಾಳೆಯಲ್ಲಿ ಎರಡಕ್ಕೆ ಮಾತ್ರ. ತಿಂಗಳುಗಟ್ಟಲೆ ಗೆಳತಿಯರ ಜೊತೆ ಮಾತಾಡಿ ಗೊತ್ತಾಗದ್ದು ಅರ್ಧ ಗಂಟೆಯಲ್ಲಿ ಕಣ್ಣೆದುರು ಬಂತು.

ಡಿಗ್ರಿಯ ಕೊನೆಯ ವರ್ಷ ಬಂತು ಅಂದರೆ ಈ ಪ್ರಶ್ನೆ ಬೆನ್ನು ಹತ್ತುತ್ತದೆ. ಇಲ್ಲೇ ಮುಂದುವರಿಯುವುದಾ, ಬೇರೆ ಕಡೆ ಹೋಗುವುದಾ? ಹಿತ್ತಲ ಗಿಡ ಮದ್ದಲ್ಲ ಅನ್ನುತ್ತೇವೆ. ದೂರದ ಬೆಟ್ಟ ನುಣ್ಣಗೆ ಅಂತಲೂ ಅನ್ನುತ್ತೇವೆ. ಈ ವಿಷಯದಲ್ಲಿ ಎರಡೂ ನಿಜ. ಮೂರು ನಾಲ್ಕು ವರ್ಷ ಓಡಾಡಿದ ಜಾಗದ ಕೊರತೆಗಳೆಲ್ಲ ಬಾಯಿಪಾಠ ಆಗಿರುತ್ತವೆ. ಅಲ್ಲಿನ ಅನುಕೂಲಗಳು ಅಭ್ಯಾಸವಾಗಿ ಹೋಗಿ ಕಾಣಿಸುವುದೇ ಇಲ್ಲ. ನೋಡದ ಜಾಗದ ಬಗ್ಗೆ ನಮ್ಮ ಕೈಯಲ್ಲಿರುವುದು ವೆಬ್‌ಸೈಟಿನ ನಾಲ್ಕು ಚೆಂದದ ಫೋಟೋ.

ಹಾಗಾಗಿ ಎರಡು ವಿವಿಗಳ ಹೆಸರನ್ನು ಹೋಲಿಸಬೇಡಿ. ಇಲ್ಲಿ ಸಿಗದ ಯಾವುದು ಅಲ್ಲಿ ಸಿಗುತ್ತದೆ ಅನ್ನುವುದನ್ನು ಒಂದೇ ವಾಕ್ಯದಲ್ಲಿ ಬರೆದು ನೋಡಿ. ಬರೆಯಲು ಆದರೆ ಹೋಗಿ. ಆಗದಿದ್ದರೆ ಸದ್ಯಕ್ಕೆ ಇಲ್ಲೇ ಇರುವುದು ವಾಸಿ. ‘ಅಲ್ಲಿ ಒಳ್ಳೆ ಎಕ್ಸ್‌ಪೋಷರ್ ಸಿಗುತ್ತೆ’ ಅಂತ ಬರೆದರೆ ಅದು ಲೆಕ್ಕಕ್ಕಿಲ್ಲ. ‘ನನಗೆ ಪ್ರೋಟೀನ್‌ಗಳ ರಚನೆ ಮೇಲೆ ಕೆಲಸ ಮಾಡಬೇಕು, ಇಲ್ಲಿ ಅದಕ್ಕೆ ಬೇಕಾದ ಮೈಕ್ರೋಸ್ಕೋಪೂ ಇಲ್ಲ, ಕಲಿಸುವವರೂ ಇಲ್ಲ, ಅಲ್ಲಿ ಇಬ್ಬರಿದ್ದಾರೆ’ ಅಂತ ಬರೆದರೆ ಅದು ಕಾರಣ.

‘ಇಲ್ಲಿ ಬೇಜಾರಾಗಿಬಿಟ್ಟಿದೆ’ ಅನ್ನುವವರೂ ಇದ್ದಾರೆ. ಅದನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಎರಡು ವರ್ಷ ಮನಸ್ಸಿಲ್ಲದೆ ಓದುವುದು ದೊಡ್ಡ ಶಿಕ್ಷೆ. ಆದರೆ ಬೇಜಾರು ಯಾವುದರದ್ದು ಅಂತ ಬಿಡಿಸಿ ನೋಡಬೇಕು. ಜಾಗದ್ದಾದರೆ ಜಾಗ ಬದಲಿಸಿದರೆ ಹೋಗುತ್ತದೆ. ವಿಷಯದ್ದೇ ಆದರೆ ಅದೂ ನಿಮ್ಮ ಜೊತೆ ಹೊಸ ಹಾಸ್ಟೆಲಿಗೆ ಬರುತ್ತದೆ. ಆಗ ಬದಲಿಸಬೇಕಾದದ್ದು ವಿಷಯವನ್ನು, ವಿವಿಯನ್ನಲ್ಲ.

ಇಲ್ಲೇ ಉಳಿದರೆ

ಡಿಗ್ರಿಯಲ್ಲಿ ಜೊತೆಗೆ ಓದಿದ ಗೆಳತಿಯೊಬ್ಬಳು ಅಲ್ಲೇ ಉಳಿದಳು. ಮಾಸ್ಟರ್ಸ್‌ನ ಮೊದಲ ದಿನವೇ ಅವಳ ಬ್ಯಾಗಿನಲ್ಲಿ ಲ್ಯಾಬಿನ ಕೀ ಇತ್ತು. ಯಾವ ಮೆಷಿನ್ ಮಧ್ಯಾಹ್ನದ ಮೇಲೆ ಕೈಕೊಡುತ್ತದೆ, ಸ್ಟೋರಿನಿಂದ ಸಾಮಾನು ಬೇಗ ಬೇಕಾದರೆ ಯಾರನ್ನು ಕೇಳಬೇಕು, ಯಾವ ಮೇಷ್ಟ್ರು ಮೇಲ್‌ಗೆ ಉತ್ತರ ಕೊಡದೆ ‘ನೇರ ರೂಮಿಗೆ ಬಾ’ ಅನ್ನುತ್ತಾರೆ, ಎಲ್ಲ ಗೊತ್ತಿತ್ತು. ಎರಡನೇ ವಾರಕ್ಕೆ ಡೇಟಾ ತೆಗೆಯಲು ಶುರು ಮಾಡಿದಳು. ಅದೇ ವಾರ ನಾನು ಹೊಸ ಕ್ಯಾಂಪಸ್‌ನಲ್ಲಿ ಐಡಿ ಕಾರ್ಡಿಗೆ ಮೂರನೇ ಸಲ ಕ್ಯೂ ನಿಂತಿದ್ದೆ. ಮೊದಲ ವರ್ಷ ಮುಗಿಯುವಷ್ಟರಲ್ಲಿ ಅವಳ ಕೈಯಲ್ಲಿ ಒಂದು ಸಂಶೋಧನಾ ಲೇಖನದ ಕರಡಿತ್ತು. ನನ್ನ ಹತ್ತಿರ ಥೀಸಿಸ್‌ಗೆ ಒಂದು ಹೆಸರಷ್ಟೇ ಇತ್ತು.

ಇದು ಸಣ್ಣ ವಿಷಯ ಅಲ್ಲ. ಡಿಗ್ರಿಯಲ್ಲಿ ಮಾಡಿದ ಪ್ರಾಜೆಕ್ಟ್ ಚೆನ್ನಾಗಿ ನಡೆಯುತ್ತಿದ್ದರೆ, ಗೈಡ್ ಒಳ್ಳೆಯವರಾಗಿದ್ದರೆ, ಅದನ್ನು ಅರ್ಧಕ್ಕೆ ಬಿಟ್ಟು ಹೋಗುವ ಮುಂಚೆ ಹತ್ತು ಸಲ ಯೋಚಿಸಿ. ಕೆಲವು ಕಡೆ ತಮ್ಮದೇ ವಿದ್ಯಾರ್ಥಿಗಳಿಗೆ ಪ್ರವೇಶ ಪರೀಕ್ಷೆ ಇರುವುದಿಲ್ಲ. ಅಮೆರಿಕದ ಹಲವು ವಿವಿಗಳಲ್ಲಿ ‘4+1’ ಅನ್ನುವ ದಾರಿ ಇದೆ. ಡಿಗ್ರಿಯ ಕೊನೆಯ ವರ್ಷದಲ್ಲೇ ಕೆಲವು ಮಾಸ್ಟರ್ಸ್ ಪೇಪರ್ ಓದಿ, ಆ ಕ್ರೆಡಿಟ್‌ಗಳನ್ನು ಎರಡಕ್ಕೂ ಲೆಕ್ಕ ಹಾಕಿಸಿಕೊಂಡು, ಇನ್ನೊಂದೇ ವರ್ಷದಲ್ಲಿ ಮಾಸ್ಟರ್ಸ್ ಮುಗಿಸಬಹುದು. ಹೊರಗೆ ಹೋದರೆ ಆ ಸೌಕರ್ಯ ಸಾಮಾನ್ಯವಾಗಿ ಸಿಗುವುದಿಲ್ಲ.

ಉಳಿದುದರ ಬೆಲೆಯನ್ನೂ ಅದೇ ಗೆಳತಿ ಹೇಳಿದಳು. ‘ಒಬ್ಬರೇ ಮೇಷ್ಟ್ರ ಹತ್ತಿರ ಇದು ಆರನೇ ಪೇಪರ್ ಕಣೇ. ಅವರು ಪ್ರಶ್ನೆ ಮುಗಿಸೋದರೊಳಗೆ ಅವರಿಗೆ ಯಾವ ಉತ್ತರ ಬೇಕು ಅಂತ ಗೊತ್ತಾಗಿಬಿಡುತ್ತೆ.’ ಮಾರ್ಕ್ಸ್ ಚೆನ್ನಾಗಿಯೇ ಬಂದವು. ಅದೇ ವಿಷಯವನ್ನು ಪೂರ್ತಿ ಬೇರೆ ಥರ ನೋಡುವವರು ಇದ್ದಾರೆ ಅನ್ನುವುದು ಮಾತ್ರ ಅವಳಿಗೆ ತಡವಾಗಿ, ಮೊದಲ ಕಾನ್ಫರೆನ್ಸಿನಲ್ಲಿ ಪ್ರಶ್ನೆಗಳು ಬಂದಾಗ ಗೊತ್ತಾಯಿತು.

ಹೋಗುವುದಾದರೆ, ಎಷ್ಟು ವರ್ಷಕ್ಕೆ?

ಹೋಗುವವರು ರ‍್ಯಾಂಕಿಂಗ್ ನೋಡುವುದಕ್ಕಿಂತ ಮೊದಲು ನೋಡಬೇಕಾದದ್ದು ಕೋರ್ಸ್ ಒಂದು ವರ್ಷದ್ದಾ, ಎರಡು ವರ್ಷದ್ದಾ ಅಂತ. ಬಹಳ ಜನ ಇದನ್ನು ಖರ್ಚಿನ ಲೆಕ್ಕವಾಗಿ ಮಾತ್ರ ನೋಡುತ್ತಾರೆ. ಅದರಲ್ಲಿ ಇನ್ನೂ ಮುಖ್ಯವಾದ ಒಂದು ಲೆಕ್ಕ ಅಡಗಿದೆ.

ಯುರೋಪಿನಲ್ಲಿ 1999ಕ್ಕೆ ಮುಂಚೆ, ಜರ್ಮನಿ, ಇಟಲಿಯಂಥ ದೇಶಗಳಲ್ಲಿ ಡಿಗ್ರಿ, ಮಾಸ್ಟರ್ಸ್ ಅಂತ ಬೇರೆ ಬೇರೆ ಇರಲಿಲ್ಲ. ಒಂದೇ ಉದ್ದನೆಯ ಓದು, ನಡುವೆ ಇಳಿಯುವ ಸ್ಟಾಪೇ ಇಲ್ಲ. ಆ ವರ್ಷ 29 ದೇಶಗಳು ಬೊಲೊನ್ಯಾ ಘೋಷಣೆಗೆ ಸಹಿ ಹಾಕಿದ ಮೇಲೆ ಎರಡು ಹಂತದ ಪದ್ಧತಿ ಬಂತು. ಅಲ್ಲಿಂದ ಮುಂದೆ ಡಿಗ್ರಿ ಒಂದು ಕಡೆ, ಮಾಸ್ಟರ್ಸ್ ಇನ್ನೊಂದು ಕಡೆ ಮಾಡುವುದು ಸುಲಭವಾಯಿತು. ಅಲ್ಲಿನ ಲೆಕ್ಕದಲ್ಲಿ ಒಂದು ವರ್ಷದ ಪೂರ್ತಿ ಓದಿಗೆ 60 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ, ಕ್ಲಾಸು, ಮನೆಯಲ್ಲಿ ಓದುವುದು ಎಲ್ಲ ಸೇರಿ. ಎರಡು ವರ್ಷದ ಮಾಸ್ಟರ್ಸ್‌ಗೆ 120 ಕ್ರೆಡಿಟ್ ಆಗುತ್ತದೆ. ಬ್ರಿಟನ್ನಿನಲ್ಲಿ ಕ್ಲಾಸು, ಥೀಸಿಸ್ ಎರಡೂ ಇರುವ ಮಾಸ್ಟರ್ಸ್ ಸಾಮಾನ್ಯವಾಗಿ ಒಂದೇ ವರ್ಷ. ಅವರ ಲೆಕ್ಕದಲ್ಲಿ 180 ಕ್ರೆಡಿಟ್, ಬೇಸಿಗೆಯೂ ಸೇರುವುದರಿಂದ ಯುರೋಪಿನ ಲೆಕ್ಕಕ್ಕೆ ತಂದರೆ 60 ಅಲ್ಲ, 90. ಮೊದಲ ಎರಡು ಟರ್ಮ್ ಪಾಠ, ಬೇಸಿಗೆ ಪೂರ್ತಿ ಥೀಸಿಸ್.

ಈಗ ತಿಂಗಳುಗಳನ್ನು ಎಣಿಸಿ. ಹೊಸ ಜಾಗದಲ್ಲಿ ಕಾಲೂರಲು ಎರಡು ತಿಂಗಳಾದರೂ ಬೇಕು. ರೂಮು, ಲೈಬ್ರರಿ ಕಾರ್ಡು, ಹೊಸ ಮೇಷ್ಟ್ರ ಮಾತಿನ ಓಟ, ಯಾರ ಜೊತೆ ಕೂತು ಓದುವುದು ಅನ್ನುವುದು. ಎರಡು ವರ್ಷದ ಕೋರ್ಸಿನಲ್ಲಿ ಇದನ್ನು ತಡೆದುಕೊಳ್ಳಬಹುದು. ಒಂದು ವರ್ಷದ್ದರಲ್ಲಿ ಅದು ಆರನೇ ಒಂದು ಭಾಗ.

ಇದಕ್ಕಿಂತ ದೊಡ್ಡ ತೊಡಕು ರೆಕಮೆಂಡೇಶನ್ ಲೆಟರಿನದು. ಸೆಪ್ಟೆಂಬರಿನಲ್ಲಿ ಒಂದು ವರ್ಷದ ಕೋರ್ಸ್ ಸೇರಿದಿರಿ ಅಂದುಕೊಳ್ಳಿ. ಮುಂದಿನ ವರ್ಷದ ಪಿಎಚ್‌ಡಿಗೆ ಬಹಳ ಕಡೆ ಡಿಸೆಂಬರ್, ಜನವರಿಗೇ ಅರ್ಜಿ ಹಾಕಿ ಮುಗಿಸಬೇಕು. ಅಷ್ಟು ಹೊತ್ತಿಗೆ ಹೊಸ ಮೇಷ್ಟ್ರು ನಿಮ್ಮನ್ನು ನೋಡಿ ಮೂರು ತಿಂಗಳಾಗಿರುತ್ತದೆ. ರಿಸಲ್ಟ್ ಬಂದಿರುವುದಿಲ್ಲ. ಥೀಸಿಸ್ ಶುರುವೇ ಆಗಿರುವುದಿಲ್ಲ. ಅವರಾದರೂ ಏನು ಅಂತ ಬರೆಯುತ್ತಾರೆ? ಮತ್ತೆ ಹಳೇ ಮೇಷ್ಟ್ರ ಬಾಗಿಲಿಗೇ ಹೋಗಬೇಕು. ಎರಡು ವರ್ಷದ ಕೋರ್ಸಾದರೆ ಇದೇ ಅರ್ಜಿಯ ಹೊತ್ತಿಗೆ ಒಂದು ವರ್ಷ ಮೂರು ತಿಂಗಳ ಪರಿಚಯ, ಎರಡು ಸೆಮಿಸ್ಟರಿನ ಮಾರ್ಕ್ಸ್, ಒಂದಿಷ್ಟು ಥೀಸಿಸ್ ಕೆಲಸ ಎಲ್ಲ ಇರುತ್ತದೆ.

ಅದಕ್ಕೇ ಸಂಶೋಧನೆಗೆ ಹೋಗುವ ಮನಸ್ಸಿದ್ದು ವಿವಿ ಬದಲಿಸುವವರಿಗೆ ನಾನು ಎರಡು ವರ್ಷದ ಕೋರ್ಸನ್ನೇ ಹೇಳುತ್ತೇನೆ. ಒಂದು ವರ್ಷದ್ದೇ ಸಿಕ್ಕಿದರೆ, ಅದು ಮುಗಿದ ಮೇಲೆ ಒಂದು ವರ್ಷ ಎಲ್ಲಾದರೂ ಕೆಲಸ ಮಾಡಿ ಆಮೇಲೆ ಪಿಎಚ್‌ಡಿಗೆ ಅರ್ಜಿ ಹಾಕುವ ಯೋಚನೆ ಇಟ್ಟುಕೊಳ್ಳಿ. ಕೆಲಸಕ್ಕಾಗಿ, ಒಂದು ನಿರ್ದಿಷ್ಟ ವಿದ್ಯೆ ಕಲಿಯುವುದಕ್ಕಾಗಿ ಹೋಗುವವರಿಗೆ ಒಂದು ವರ್ಷದ ಕೋರ್ಸ್ ಒಳ್ಳೆಯದೇ.

ಬಾಗಿಲಿಗೆ ಅಂಟಿಸಿದ ಹಾಳೆ

ನಾನು ವಿವಿ ಬದಲಿಸಿದ್ದು ಒಬ್ಬರೇ ಪ್ರೊಫೆಸರ್‌ಗಾಗಿ. ಅವರ ಲೇಖನಗಳನ್ನು ಮಾರ್ಜಿನ್ ತುಂಬಾ ಬರೆದುಕೊಂಡು ಓದಿದ್ದೆ. ಸೇರಿದ ಮೊದಲ ವಾರ ಅವರ ರೂಮು ಹುಡುಕಿಕೊಂಡು ಹೋದೆ. ಬಾಗಿಲಿಗೆ ಒಂದು ಬಿಳಿ ಹಾಳೆ ಅಂಟಿಸಿದ್ದರು. ಟೇಪು ಬಿಟ್ಟುಕೊಂಡು ಒಂದು ಮೂಲೆ ಮಡಚಿಕೊಂಡಿತ್ತು. ಸಬ್ಯಾಟಿಕಲ್ (ಪಾಠ ಬಿಟ್ಟು ಸಂಶೋಧನೆಗೆ ತಗೊಳ್ಳುವ ಉದ್ದನೆಯ) ರಜೆಯಲ್ಲಿದ್ದಾರೆ, ಮುಂದಿನ ಆಗಸ್ಟಿಗೆ ಬರುತ್ತಾರೆ, ತುರ್ತಿದ್ದರೆ ಆಫೀಸಿನಲ್ಲಿ ವಿಚಾರಿಸಿ. ಆ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದು ನಾಲ್ಕೈದು ಸಲ ಓದಿದೆ. ವಿಭಾಗದ ಪುಟದಲ್ಲಿ ಅವರ ಹೆಸರು ಮೊದಲ ಸಾಲಿನಲ್ಲೇ ಇತ್ತು. ರಜೆಯ ಬಗ್ಗೆ ಅಲ್ಲಿ ಒಂದು ಮಾತೂ ಇರಲಿಲ್ಲ.

ಒಂದು ಮೇಲ್ ಹಾಕಿದ್ದರೆ ಸಾಕಿತ್ತು. ಈಗ ಯಾರು ಕೇಳಿದರೂ ನಾನು ಮೊದಲು ಬರೆಸುವುದು ಆ ಮೇಲನ್ನೇ. ‘ಮುಂದಿನ ವರ್ಷದ ಮಾಸ್ಟರ್ಸ್‌ಗೆ ಅರ್ಜಿ ಹಾಕುತ್ತಿದ್ದೇನೆ. ನಿಮ್ಮ ಇಂಥ ಕೆಲಸ ಓದಿದೆ, ಅದರಲ್ಲಿ ಇಂಥ ಪ್ರಶ್ನೆ ನನಗೆ ಬಂತು. ಆ ಎರಡು ವರ್ಷ ನೀವು ಕ್ಯಾಂಪಸ್‌ನಲ್ಲಿ ಇರುತ್ತೀರಾ? ಥೀಸಿಸ್‌ಗೆ ಹೊಸಬರನ್ನು ತಗೊಳ್ಳುತ್ತೀರಾ?’ ಇಷ್ಟೇ. ಉದ್ದ ಬರೆದರೆ ಓದುವವರಿಲ್ಲ. ಹತ್ತು ದಿನದಲ್ಲಿ ಉತ್ತರ ಬರದಿದ್ದರೆ ಇನ್ನೊಂದು ಸಲ ನೆನಪಿಸಿ. ಅದಕ್ಕೂ ಬರದಿದ್ದರೆ ಮನಸ್ಸು ಸಣ್ಣದು ಮಾಡಿಕೊಳ್ಳಬೇಡಿ, ಅವರ ಕೈಕೆಳಗೆ ಈಗ ಓದುತ್ತಿರುವ ವಿದ್ಯಾರ್ಥಿಗಳಿಗೆ ಬರೆಯಿರಿ.

ನಿಜ ಹೇಳಬೇಕೆಂದರೆ ಆ ವಿದ್ಯಾರ್ಥಿಗಳ ಉತ್ತರವೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ‘ಹೇಗಿದೆ ಅಲ್ಲಿ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಲೆಕ್ಕ ಕೊಡುವಂಥ ಪ್ರಶ್ನೆ ಕೇಳಿ. ಗೈಡ್ ತಿಂಗಳಿಗೆ ಎಷ್ಟು ಸಲ ಕೂತು ಮಾತಾಡುತ್ತಾರೆ? ಕರಡು ಕೊಟ್ಟರೆ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ? ಹಿಂದಿನ ಬ್ಯಾಚಿನಲ್ಲಿ ಎಷ್ಟು ಜನ ಸಮಯಕ್ಕೆ ಸರಿಯಾಗಿ ಮುಗಿಸಿದರು? ಬ್ರೋಷರಿನಲ್ಲಿರುವ ಎಲೆಕ್ಟಿವ್‌ಗಳಲ್ಲಿ ಕಳೆದ ವರ್ಷ ನಿಜವಾಗಿ ನಡೆದವು ಯಾವುವು? ಈ ಕೊನೆಯದನ್ನು ಮರೆಯಲೇಬೇಡಿ. ಪಟ್ಟಿಯಲ್ಲಿ ಇಪ್ಪತ್ತು ಇರುತ್ತವೆ. ಸಾಕಷ್ಟು ಜನ ಸೇರದಿದ್ದರೆ, ಕಲಿಸುವವರು ರಜೆಯಲ್ಲಿದ್ದರೆ, ಆ ವರ್ಷ ಅವು ನಡೆಯುವುದಿಲ್ಲ. ನೀವು ಪೆನ್ಸಿಲಿನಲ್ಲಿ ಗುರುತು ಹಾಕಿದ ಪೇಪರೇ ಅದಾಗಿರಬಹುದು.

ನನಗೆ ಕೊನೆಗೆ ಗೈಡ್ ಆಗಿ ಸಿಕ್ಕವರು ಆಗಷ್ಟೇ ಕೆಲಸಕ್ಕೆ ಸೇರಿದ್ದ ಒಬ್ಬರು ಮೇಡಂ. ಅವರ ಹೆಸರನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನನ್ನ ಮೊದಲ ಕರಡಿನ ಮೂರು ಪುಟಕ್ಕೆ ಒಂದೂವರೆ ಗಂಟೆ ಕೂತರು. ಒಂದು ವಾಕ್ಯದ ಕೆಳಗೆ ಗೆರೆ ಎಳೆದು, ‘ಇದು ನಿನಗೆ ಹೇಗೆ ಗೊತ್ತು?’ ಅಂದರು. ನಾನು ಪುಸ್ತಕದ ಹೆಸರು ಹೇಳಿದೆ. ‘ಅವರಿಗೆ ಹೇಗೆ ಗೊತ್ತು?’ ಅಂದರು. ಡಿಗ್ರಿಯ ಅಷ್ಟೂ ವರ್ಷ ಯಾರೂ ಹಾಗೆ ಕೇಳಿರಲಿಲ್ಲ. ಬೇರೆ ಕಡೆ ಹೋಗುವುದರಿಂದ ಏನು ಸಿಗುತ್ತೆ ಅಂತ ಯಾರಾದರೂ ಕೇಳಿದರೆ ನನಗೆ ಆ ಮಧ್ಯಾಹ್ನವೇ ನೆನಪಾಗುತ್ತದೆ. ದೊಡ್ಡ ಹೆಸರಿನವರ ಕೈಕೆಳಗೆ ಬಹಳ ಜನ ಇರುತ್ತಾರೆ, ಅವರಿಗೆ ಊರೂರು ತಿರುಗುವ ಕೆಲಸವೂ ಇರುತ್ತದೆ. ಮಾಸ್ಟರ್ಸ್ ವಿದ್ಯಾರ್ಥಿಗೆ ಬೇಕಾದದ್ದು ಗೈಡಿನ ಸಮಯ. ವಿವಿ ಆರಿಸುವಾಗ ಒಬ್ಬರನ್ನೇ ನಂಬಿ ಹೋಗಬೇಡಿ. ನಿಮಗೆ ಒಪ್ಪಿಗೆಯಾಗುವ ಮೂರು ಜನರಾದರೂ ಆ ವಿಭಾಗದಲ್ಲಿ ಇರಬೇಕು.

ರ‍್ಯಾಂಕಿಂಗ್

ಪಟ್ಟಿಗಳು ಏನನ್ನು ಅಳೆಯುತ್ತವೆ ಅಂತ ಒಮ್ಮೆ ನೋಡಿದರೆ ಅರ್ಧ ತಲೆನೋವು ಕಡಿಮೆಯಾಗುತ್ತದೆ. 2003ರಲ್ಲಿ ಶುರುವಾದ ಶಾಂಘೈ ರ‍್ಯಾಂಕಿಂಗ್‌ನಲ್ಲಿ ನೂರಕ್ಕೆ 30 ಅಂಕ, ಆಯಾ ವಿವಿಯಲ್ಲಿ ಓದಿದವರಿಗೆ, ಕೆಲಸ ಮಾಡುವವರಿಗೆ ಬಂದ ನೊಬೆಲ್ ಮತ್ತು ಗಣಿತದ ಫೀಲ್ಡ್ಸ್ ಪ್ರಶಸ್ತಿಗಳಿಗೆ. ಕ್ಯೂಎಸ್ ಅನ್ನುವ ಇನ್ನೊಂದು ಪಟ್ಟಿಯಲ್ಲಿ ಅತಿ ಹೆಚ್ಚು ತೂಕ ಇರುವುದು ಪ್ರಾಧ್ಯಾಪಕರ ಅಭಿಪ್ರಾಯ ಸಮೀಕ್ಷೆಗೆ. ನಿಮ್ಮ ವಿಭಾಗದಲ್ಲಿ ಕರಡು ಎಷ್ಟು ದಿನಕ್ಕೆ ವಾಪಸ್ ಬರುತ್ತದೆ ಅನ್ನುವುದಕ್ಕೆ ಎರಡರಲ್ಲೂ ಅಂಕವಿಲ್ಲ.

ಹಾಗಂತ ಹೆಸರಿಗೆ ಬೆಲೆಯೇ ಇಲ್ಲ ಅಂತ ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಕೆಲವು ಕಂಪನಿಗಳು ಮೊದಲ ಸುತ್ತಿನಲ್ಲೇ ವಿವಿ ನೋಡಿ ಅರ್ಜಿ ಬೇರೆ ಮಾಡುತ್ತವೆ. ಬ್ರಿಟನ್ 2022ರಲ್ಲಿ ಶುರು ಮಾಡಿದ, ಕೆಲಸ ಸಿಗುವ ಮುಂಚೆಯೇ ಅಲ್ಲಿಗೆ ಹೋಗಲು ಬಿಡುವ ಹೈ ಪೊಟೆನ್ಶಿಯಲ್ ವೀಸಾ ಸಿಗುವುದೇ ಇಂಥ ಪಟ್ಟಿಗಳ ಮೇಲಿನ ಸಾಲಿನಲ್ಲಿರುವ ಹೊರದೇಶದ ವಿವಿಗಳಲ್ಲಿ ಓದಿದವರಿಗೆ. ನಿಮ್ಮ ಮುಂದಿನ ದಾರಿ ಅಂಥದ್ದಾದರೆ ಹೆಸರನ್ನೂ ತೂಕಕ್ಕೆ ಹಾಕಿ. ಆಗ ಅದೂ ‘ಇಲ್ಲಿ ಸಿಗದ, ಅಲ್ಲಿ ಸಿಗುವ’ ವಸ್ತುವೇ.

ಸೈಕಾಲಜಿ, ಆರ್ಕಿಟೆಕ್ಚರ್, ಲಾ ಥರದ, ಲೈಸೆನ್ಸ್ ಬೇಕಾಗುವ ಕ್ಷೇತ್ರದವರಿಗೆ ಒಂದೇ ಮಾತು. ಮುಂದೆ ಎಲ್ಲಿ ಕೆಲಸ ಮಾಡುತ್ತೀರೋ ಅಲ್ಲಿನ ಕೌನ್ಸಿಲ್ ಆ ಮಾಸ್ಟರ್ಸ್ ಅನ್ನು ಒಪ್ಪುತ್ತದಾ ಅಂತ ಅರ್ಜಿಗೆ ಮುಂಚೆಯೇ ಬರಹದಲ್ಲಿ ಕೇಳಿ. ಒಪ್ಪದಿದ್ದರೆ ಉಳಿದ ಯಾವ ಹೋಲಿಕೆಗೂ ಅರ್ಥವಿಲ್ಲ.

ಪಿಎಚ್‌ಡಿ ಮಾಡುವವರು

ಡಿಗ್ರಿ, ಮಾಸ್ಟರ್ಸ್, ಪಿಎಚ್‌ಡಿ ಮೂರನ್ನೂ ಒಂದೇ ಕಡೆ ಮಾಡಿದವರನ್ನು ಸಂಶೋಧನೆಯ ಲೋಕ ಸ್ವಲ್ಪ ಅನುಮಾನದಿಂದ ನೋಡುತ್ತದೆ. ಜರ್ಮನಿಯಲ್ಲಿ ತಮ್ಮದೇ ವಿವಿಯ ಒಳಗಿನವರನ್ನು ಪ್ರೊಫೆಸರ್ ಹುದ್ದೆಗೆ ಏರಿಸುವುದಕ್ಕೆ ಕಾನೂನಿನಲ್ಲೇ ನಿರ್ಬಂಧಗಳಿವೆ. ಒಂದೇ ಮನೆಯ ಯೋಚನೆ ಅಲ್ಲೇ ಸುತ್ತುತ್ತಾ ಇರಬಾರದು ಅನ್ನುವುದು ಅದರ ಹಿಂದಿನ ಕಾಳಜಿ. ಆದರೆ ಜಾಗ ಬದಲಿಸುವುದು ಮಾಸ್ಟರ್ಸ್‌ನಲ್ಲೇ ಆಗಬೇಕು ಅಂತೇನಿಲ್ಲ. ಇಲ್ಲಿ ಮಾಸ್ಟರ್ಸ್ ಮುಗಿಸಿ ಪಿಎಚ್‌ಡಿಗೆ ಹೊರಗೆ ಹೋದರೂ ಆಯಿತು. ಅಮೆರಿಕದಲ್ಲಂತೂ ಅನೇಕ ವಿಷಯಗಳಲ್ಲಿ ಡಿಗ್ರಿ ಆದ ಕೂಡಲೇ ನೇರ ಪಿಎಚ್‌ಡಿಗೆ ತಗೊಳ್ಳುತ್ತಾರೆ. ಯುರೋಪಿನ ಬಹುಪಾಲು ಕಡೆ ಮಾಸ್ಟರ್ಸ್ ಮೊದಲು ಬೇಕು. ನಿಮ್ಮ ಗುರಿ ಯಾವ ಕಡೆ ಅನ್ನುವುದರ ಮೇಲೆ ಈ ಮಾಸ್ಟರ್ಸ್ ಬೇಕಾ ಅನ್ನುವ ಪ್ರಶ್ನೆಯೇ ಬದಲಾಗಬಹುದು.

ನಡುವಿನ ದಾರಿಗಳು

ಉಳಿಯುವುದು, ಹೋಗುವುದು ಇವೆರಡೇ ಅಂತ ತಿಳಿದು ನಿದ್ದೆಗೆಡುವವರು ಬಹಳ. ಅದೇ ವಿವಿಯಲ್ಲಿ ಬೇರೆ ವಿಭಾಗಕ್ಕೆ ಹೋಗಬಹುದು. ಗಣಿತದಿಂದ ಸ್ಟ್ಯಾಟಿಸ್ಟಿಕ್ಸ್‌ಗೆ, ಇತಿಹಾಸದಿಂದ ಪುರಾತತ್ವಕ್ಕೆ ಹೋದವರಿಗೆ ಕ್ಯಾಂಪಸ್ ಹಳೆಯದು, ಮೇಷ್ಟ್ರು ಹೊಸಬರು. ಒಂದು ಸೆಮಿಸ್ಟರ್ ವಿನಿಮಯಕ್ಕೆ ಹೋಗಿ ಬರಬಹುದು. ಯುರೋಪಿನ ಎರಾಸ್ಮಸ್ ಅನ್ನುವ ವಿದ್ಯಾರ್ಥಿ ವಿನಿಮಯ ಯೋಜನೆ 1987ರಿಂದ ಇದೇ ಕೆಲಸ ಮಾಡುತ್ತಿದೆ. 2004ರಲ್ಲಿ ಬಂದ ಎರಾಸ್ಮಸ್ ಮುಂಡಸ್ ಜಂಟಿ ಮಾಸ್ಟರ್ಸ್‌ನಲ್ಲಿ ಕನಿಷ್ಠ ಎರಡು ದೇಶಗಳಲ್ಲಿ ಓದಬೇಕು, ಯಾವ ದೇಶದವರು ಬೇಕಾದರೂ ಅರ್ಜಿ ಹಾಕಬಹುದು.

ನನಗೆ ತುಂಬಾ ಇಷ್ಟವಾದ ದಾರಿ ಇನ್ನೊಂದಿದೆ. ಕ್ಲಾಸುಗಳನ್ನೆಲ್ಲ ಇಲ್ಲೇ ಮುಗಿಸಿ, ಥೀಸಿಸ್ ಮಾತ್ರ ಹೊರಗಿನ ಲ್ಯಾಬಿನಲ್ಲಿ ಮಾಡುವುದು. ಒಬ್ಬರು ಗೈಡ್ ಇಲ್ಲಿ, ಒಬ್ಬರು ಅಲ್ಲಿ. ಕೇಳಿದರೆ ಒಪ್ಪುವ ವಿಭಾಗಗಳು ಸಾಕಷ್ಟಿವೆ, ಕೇಳುವವರು ಕಡಿಮೆ. ಮೊದಲ ಸೆಮಿಸ್ಟರಿನಲ್ಲೇ ವಿಭಾಗದ ಮುಖ್ಯಸ್ಥರ ಹತ್ತಿರ ಮಾತಾಡಿ.

ಮನೆಯಲ್ಲಿ ನೋಡಿಕೊಳ್ಳಬೇಕಾದವರು ಇದ್ದಾರೆ, ಸಾಲ ಮಾಡಲು ಧೈರ್ಯ ಬರುತ್ತಿಲ್ಲ, ಆರೋಗ್ಯ ಸರಿಯಿಲ್ಲ ಅಂತ ಉಳಿಯುವವರಿಗೂ ಒಂದು ಮಾತು. ಇವು ಪೂರ್ತಿ ಸರಿಯಾದ ಕಾರಣಗಳು, ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ಉಳಿಯುವಾಗ ಒಂದನ್ನು ಮಾತ್ರ ಬದಲಿಸಿ. ಡಿಗ್ರಿ ಪ್ರಾಜೆಕ್ಟಿನ ಗೈಡ್ ಒಳ್ಳೆಯವರಾಗಿದ್ದರೆ ಅವರನ್ನು ಉಳಿಸಿಕೊಂಡು, ಪೇಪರ್‌ಗಳನ್ನು ಇದುವರೆಗೆ ಪಾಠ ಮಾಡದವರ ಹತ್ತಿರ ತಗೊಳ್ಳಿ. ಆ ಗೈಡೇ ಸರಿಬೀಳದಿದ್ದರೆ ಅವರನ್ನೇ ಬದಲಿಸಿ.

ಹೋಗುವುದು ಅಂತ ತೀರ್ಮಾನವಾದರೆ, ಹೊರಡುವ ಮುಂಚೆ ಎರಡು ಕೆಲಸ ಮುಗಿಸಿಕೊಳ್ಳಿ. ನೋ ಡ್ಯೂ ಸರ್ಟಿಫಿಕೇಟಿಗೆ ಓಡಾಡುವಾಗಲೇ ಟ್ರಾನ್ಸ್‌ಕ್ರಿಪ್ಟ್ ಐದಾರು ಪ್ರತಿ ಸೀಲ್ ಮಾಡಿದ ಕವರಿನಲ್ಲಿ ತಗೊಂಡಿಡಿ, ಪ್ರತಿ ಪೇಪರಿನ ಸಿಲಬಸ್‌ಗೂ ಆಫೀಸಿನ ಮೊಹರು ಹಾಕಿಸಿ. ಇದನ್ನು ಓದಿದ್ದೀರಾ ಅಂತ ಹೊಸ ಕಡೆ ಕೇಳಿದಾಗ ತೋರಿಸುವುದಕ್ಕೆ ಅದೇ ಆಧಾರ. ನಾನು ಮೊಹರು ಹಾಕಿಸದೆ ಹೋಗಿ, ಡಿಗ್ರಿಯಲ್ಲಿ ಪಾಸಾದ ಒಂದು ಪೇಪರನ್ನು ಮತ್ತೆ ಓದಬೇಕಾಯಿತು. ಇನ್ನೊಂದು, ಹಳೇ ಮೇಷ್ಟ್ರಿಗೆ ಹೇಳಿ ಹೋಗಿ. ಮುಂದಿನ ಡಿಸೆಂಬರಿನಲ್ಲಿ ನಿಮ್ಮ ಬಗ್ಗೆ ಬರೆಯಬೇಕಾದವರು ಅವರೇ ಇರಬಹುದು. ನಿಮ್ಮ ಪ್ರಾಜೆಕ್ಟ್ ರಿಪೋರ್ಟಿನ ಒಂದು ಪ್ರತಿ ಅವರ ಮೇಜಿನ ಮೇಲಿದ್ದರೆ, ಅವರಿಗೂ ಬರೆಯುವುದು ಸುಲಭ.